ಸಾಫ್ಟ್‌ವೇರ್ ಇಂಟರ್‌ವ್ಯೂ ಎಂಬ ನೂರು ವರ್ಷದ ಪರೀಕ್ಷೆ

ಕಳೆದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಏಳನೆಯ ತರಗತಿಯವರೆಗೆ ನನ್ನ ಹತ್ತಿರವೇ ಲೆಕ್ಕ ಕಲಿತವಳು. ಹತ್ತನೆಯವರೆಗೂ ಕನ್ನಡ ಮಾಧ್ಯಮ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಪ್ಲಸ್ ಟು ಮುಗಿಸಿ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮಾಡಿ, ಈಗ ಬೆಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿದ್ದಾಳೆ. ಚಹಾ ಕುಡಿಯುತ್ತಾ ಮಾತಿನ ಮಧ್ಯೆ ಹೇಳಿದಳು.

“ದೊಡ್ಡ ಕಂಪೆನಿಯೊಂದರ ಇಂಟರ್‌ವ್ಯೂಗೆ ಹೋಗಿದ್ದೆ ಸರ್. ಆಗ್ಲಿಲ್ಲ.”

“ಪ್ರಶ್ನೆ ಕಷ್ಟ ಇತ್ತಾ?”

“ಇಲ್ಲ ಸರ್. ಉತ್ತರ ಐದು ನಿಮಿಷದಲ್ಲೇ ಹೊಳೆದಿತ್ತು. ಸುಮ್ಮನೆ ಕೂತು ಬರೀತಾ ಇದ್ದೆ. ಏನು ಯೋಚನೆ ಮಾಡ್ತಾ ಇದ್ದೀರಿ, ಹೇಳಿ ಅಂತ ಅವರು ಮೂರು ಸಲ ಕೇಳಿದ್ರು. ನಾನು ‘ಒಂದು ನಿಮಿಷ ಸರ್’ ಅಂತಲೇ ಇದ್ದೆ. ಮಾತಾಡ್ತಾ ಲೆಕ್ಕ ಮಾಡಿ ನನಗೆ ಅಭ್ಯಾಸ ಇಲ್ಲ ಅಲ್ವಾ…”

ಅವಳು ನನ್ನನ್ನು ದೂರಲು ಹೇಳಿದ ಮಾತಲ್ಲ ಅದು. ಆದರೆ ನನಗೆ ನಾಟಿತು. ಏಕೆಂದರೆ ಲೆಕ್ಕದ ಪೀರಿಯಡ್ಡಿನಲ್ಲಿ ‘ಬಾಯಿ ಮುಚ್ಚಿ ಲೆಕ್ಕ ಮಾಡಿ’ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದವನು ನಾನೇ!

ಅವಳು ಹೋದ ಮೇಲೆ ಈ ಇಂಟರ್‌ವ್ಯೂ ಎನ್ನುವುದು ಏನು, ಎಲ್ಲಿಂದ ಬಂತು, ಯಾಕೆ ಹೀಗಿದೆ ಎಂದು ತಿಳಿಯುವ ಹಟ ಹಿಡಿಯಿತು. ಸಂಜೆ ಸಂಜೆ ಕೂತು ಓದಿದೆ. ಗೊತ್ತಾಗದ್ದನ್ನು ಅವಳಿಗೇ ಫೋನ್ ಮಾಡಿ ಕೇಳಿದೆ. ನಮ್ಮ ಗಡಿನಾಡಿನ ಕನ್ನಡ ಶಾಲೆಗಳಿಂದ ಹೋದ ಎಷ್ಟೋ ಮಕ್ಕಳು ಇಂದು ಇದೇ ಬಾಗಿಲಿನ ಮುಂದೆ ನಿಂತಿದ್ದಾರೆ. ಅವರಿಗೂ ಅವರ ಮೇಷ್ಟ್ರುಗಳಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕತೆ ಕಂಪ್ಯೂಟರ್‌ಗಿಂತ ಮೊದಲೇ ಶುರುವಾಗುತ್ತದೆ. ವಿದ್ಯುದ್ದೀಪದ ಎಡಿಸನ್ ನಮಗೆಲ್ಲ ಗೊತ್ತು. ಆತ ತನ್ನಲ್ಲಿ ಕೆಲಸಕ್ಕೆ ಬರುವ ಪದವೀಧರರಿಗೆ ಸುಮಾರು 150 ಪ್ರಶ್ನೆಗಳ ಒಂದು ಪರೀಕ್ಷೆ ಕೊಡುತ್ತಿದ್ದ. ಫ್ರಾನ್ಸಿನ ಸುತ್ತ ಯಾವ ಯಾವ ದೇಶಗಳಿವೆ, ವೋಲ್ಗಾ ನದಿ ಎಲ್ಲಿದೆ, ಇಂಥವು. 1921ರ ಮೇ ತಿಂಗಳಿನಲ್ಲಿ ಈ ಪ್ರಶ್ನೆಗಳು ಪತ್ರಿಕೆಯಲ್ಲಿ ಪ್ರಕಟವಾಗಿ ಅಮೆರಿಕದಲ್ಲಿ ದೊಡ್ಡ ಚರ್ಚೆಯಾಯಿತು. ಅದೇ ಸಮಯಕ್ಕೆ ಅಲ್ಲಿಗೆ ಹೋಗಿದ್ದ ಐನ್‌ಸ್ಟೈನರಿಗೂ ಬಾಸ್ಟನ್ನಿನಲ್ಲಿ ಅದರ ಒಂದು ಪ್ರಶ್ನೆ ಎದುರಾಯಿತು, ಶಬ್ದದ ವೇಗ ಎಷ್ಟು ಎಂದು. ಅದು ನೆನಪಿಲ್ಲ, ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಅಂದರೆ ಎಡಿಸನ್‌ನ ಪರೀಕ್ಷೆಯ ಆ ಪ್ರಶ್ನೆಯಲ್ಲಿ ಐನ್‌ಸ್ಟೈನ್ ಫೇಲ್!

ಇದಕ್ಕೆ ಸ್ವಲ್ಪ ಮೊದಲು, 1917ರಲ್ಲಿ, ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸೈನ್ಯಕ್ಕೆ ಸೇರಿದವರಲ್ಲಿ ಯಾರು ಯಾವ ಕೆಲಸಕ್ಕೆ ಆಗಬಹುದು ಎಂದು ನೋಡಲು ಬುದ್ಧಿಪರೀಕ್ಷೆ ತಂದರು. ರಾಬರ್ಟ್ ಯರ್ಕ್ಸ್ ಎಂಬ ಮನೋವಿಜ್ಞಾನಿಯ ಮುಂದಾಳತ್ವದಲ್ಲಿ ಸುಮಾರು 17 ಲಕ್ಷ ಮಂದಿಗೆ ಪರೀಕ್ಷೆಯಾಯಿತು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲು ಬಾರದವರಿಗೆ ಚಿತ್ರಗಳ ‘ಬೀಟಾ’. ಆಲ್ಫಾದಲ್ಲಿ ಅಮೆರಿಕದ ಪೇಟೆಯ ಸಾಮಾನುಗಳ ಬಗ್ಗೆ, ಅಲ್ಲಿನ ಆಟಗಳ ಬಗ್ಗೆಯೂ ಪ್ರಶ್ನೆಗಳಿದ್ದವು. ಆಗಷ್ಟೇ ಹಡಗಿನಿಂದ ಇಳಿದು ಬಂದ ವಲಸಿಗರಿಗೆ ಅವು ಹೇಗೆ ಗೊತ್ತಿರಬೇಕು? ಅವರಿಗೆ ಅಂಕ ಕಡಿಮೆ ಬಂತು. ಅದನ್ನೇ ಹಿಡಿದುಕೊಂಡು ಆ ದೇಶದವರಿಗೆ ಬುದ್ಧಿಯೇ ಕಡಿಮೆ ಎಂದು ವಾದಿಸಿದವರೂ ಇದ್ದರು.

ಇದನ್ನು ಓದುವಾಗ ನನಗೆ ನಮ್ಮ ಮಕ್ಕಳು ನೆನಪಾದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಪರೀಕ್ಷೆ ಮಾತ್ರ ನಾಲ್ಕನೆಯ ಭಾಷೆಯಲ್ಲಿ.

ಆ ಸೈನ್ಯದ ಪರೀಕ್ಷೆ ಮಾಡಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಕೂಡ ಒಬ್ಬ. ಟಿ.ಸಿ.ಎಚ್. ಮಾಡಿದ ನಮಗೆಲ್ಲ ಈ ಹೆಸರು ಬಾಯಿಪಾಠ. ಬಿನೆಟ್, ಟರ್ಮನ್, ಬುದ್ಧಿಲಬ್ಧ… ಐದು ಅಂಕದ ಪ್ರಶ್ನೆ! ಆದರೆ ಪರೀಕ್ಷೆಗೆ ಓದದ ಒಂದು ಸಂಗತಿ ಈಗ ಸಿಕ್ಕಿತು. 1921ರಲ್ಲಿ ಟರ್ಮನ್ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಅಸಾಧಾರಣ ಬುದ್ಧಿಯ ಮಕ್ಕಳನ್ನು ಆರಿಸಿ ಅವರ ಬದುಕನ್ನು ಕೊನೆಯವರೆಗೂ ಗಮನಿಸುವ ಅಧ್ಯಯನ ಆರಂಭಿಸಿದ. ಪರೀಕ್ಷೆಗೆ ಕೂತು ಆಯ್ಕೆಯಾಗದೆ ಹೋದವರಲ್ಲಿ ಇಬ್ಬರು ಹುಡುಗರಿದ್ದರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಈ ಶಾಕ್ಲಿಯೇ ನಮ್ಮ ಕತೆಯ ಮುಂದಿನ ಪಾತ್ರ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬನಾದ ಈತ 1956ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಕಂಪೆನಿ ಶುರು ಮಾಡಿದ. ಸಿಲಿಕಾನ್ ವ್ಯಾಲಿ ಎಂದು ಇಂದು ಕರೆಯುವ ಪ್ರದೇಶಕ್ಕೆ ಸಿಲಿಕಾನ್ ಬಂದದ್ದೇ ಹೀಗೆ. ಬುದ್ಧಿಪರೀಕ್ಷೆಯಲ್ಲಿ ತಾನು ಆಯ್ಕೆಯಾಗದಿದ್ದರೂ ಇವನಿಗೆ ಇಂಥ ಪರೀಕ್ಷೆಗಳ ಮೇಲೆ ವಿಪರೀತ ನಂಬಿಕೆ. 1957ರಲ್ಲಿ ಜಿಮ್ ಗಿಬ್ಬನ್ಸ್ ಎಂಬ ಯುವಕ ಕೆಲಸ ಕೇಳಿ ಬಂದಾಗ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಂದು ಒಗಟು ಕೇಳಿದನಂತೆ. ಟೆನಿಸ್ ಪಂದ್ಯಾವಳಿಯಲ್ಲಿ 127 ಆಟಗಾರರು. ಸೋತವರು ಹೊರಗೆ. ಗೆದ್ದವನು ಯಾರೆಂದು ತಿಳಿಯಲು ಒಟ್ಟು ಎಷ್ಟು ಆಟ ಆಗಬೇಕು?

ಇದನ್ನು ನಾನು ನಮ್ಮ ಏಳನೆಯ ತರಗತಿಯಲ್ಲಿ ಕೇಳಿ ನೋಡಿದೆ. ಎಲ್ಲರೂ 63, 32, 16 ಎಂದು ಸುತ್ತು ಸುತ್ತಾಗಿ ಕೂಡಿಸಲು ಹೊರಟರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, “ಒಂದು ಆಟಕ್ಕೆ ಒಬ್ಬ ಹೊರಗೆ ಹೋಗ್ತಾನಲ್ಲ ಸರ್, 126 ಜನ ಹೋಗ್ಬೇಕು, ಹಾಗಾದ್ರೆ 126” ಎಂದ. ಗಿಬ್ಬನ್ಸ್ ಕೂಡ ಹೀಗೆಯೇ ಥಟ್ಟನೆ 126 ಎಂದಿದ್ದನಂತೆ. ಮುಂದೆ ಅವನು ಸ್ಟ್ಯಾನ್‌ಫರ್ಡ್‌ನಲ್ಲಿ ದೊಡ್ಡ ಪ್ರಾಧ್ಯಾಪಕನಾದ.

ಇಷ್ಟೆಲ್ಲ ಅಳೆದು ತೂಗಿ ಆರಿಸಿದವರು ಶಾಕ್ಲಿಯ ಜೊತೆ ಉಳಿದರೇ? ಅದೇ 1957ರಲ್ಲಿ ಅವನ ದರ್ಪ ತಾಳಲಾರದೆ ಎಂಟು ಮಂದಿ ಒಟ್ಟಿಗೆ ಬಿಟ್ಟು ಹೋಗಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸ್ಥಾಪಿಸಿದರು. ಅವರಲ್ಲಿ ಇಬ್ಬರು 1968ರಲ್ಲಿ ಇಂಟೆಲ್ ಕಟ್ಟಿದರು. ಬುದ್ಧಿವಂತರನ್ನು ಆರಿಸುವುದು ಶಾಕ್ಲಿಗೆ ಗೊತ್ತಿತ್ತು, ಅವರ ಜೊತೆ ಕೆಲಸ ಮಾಡುವುದು ಗೊತ್ತಿರಲಿಲ್ಲ. ಅದನ್ನು ಅಳೆಯುವ ಒಗಟು ಅವನ ಹತ್ತಿರ ಇರಲಿಲ್ಲ.

ಇನ್ನು ಪ್ರೋಗ್ರಾಂ ಬರೆಯುವವರ ವಿಷಯ. 1950ರ ದಶಕದಲ್ಲಿ ಕಂಪ್ಯೂಟರ್‌ಗಳೇನೋ ಬಂದವು, ಅವುಗಳಿಗೆ ಪ್ರೋಗ್ರಾಂ ಬರೆಯಲು ಕಲಿತವರು ಬೇಕಲ್ಲ? ಅಮೆರಿಕದಲ್ಲಿ ಮೊದಲ ಕಂಪ್ಯೂಟರ್ ವಿಜ್ಞಾನ ವಿಭಾಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದೇ 1962ರಲ್ಲಿ. ಹಾಗಾಗಿ ಸರ್ಟಿಫಿಕೇಟ್ ನೋಡಿ ಆರಿಸುವಂತಿರಲಿಲ್ಲ. ಐಬಿಎಂ ಕಂಪೆನಿ 1955ರಲ್ಲಿ ‘ಪ್ರೋಗ್ರಾಮರ್ ಆಪ್ಟಿಟ್ಯೂಡ್ ಟೆಸ್ಟ್’ ಎಂಬ ಪರೀಕ್ಷೆ ತಂದಿತು. ಸರಣಿಯ ಮುಂದಿನ ಸಂಖ್ಯೆ ಯಾವುದು, ಈ ಆಕೃತಿಗೆ ಹೊಂದುವ ಆಕೃತಿ ಯಾವುದು, ಕೆಲವು ಲೆಕ್ಕಗಳು. ನಮ್ಮ ಪಿ.ಎಸ್.ಸಿ. ಪರೀಕ್ಷೆಯ ಮೆಂಟಲ್ ಎಬಿಲಿಟಿ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಎಷ್ಟೋ ಕಂಪೆನಿಗಳು ಇದನ್ನೇ ಬಳಸಿದವು. ಆದರೆ ಇದರಲ್ಲಿ ಹೆಚ್ಚು ಅಂಕ ತೆಗೆದವರು ಕೆಲಸದಲ್ಲೂ ಚುರುಕಾಗಿದ್ದರೇ ಎಂದು ಹೋಲಿಸಿ ನೋಡಿದಾಗ ಸಂಬಂಧ ತೀರಾ ತೆಳುವಾಗಿತ್ತು.

1980 ಮತ್ತು 90ರ ದಶಕ ಮೈಕ್ರೋಸಾಫ್ಟ್‌ನ ಕಾಲ. ಒಗಟಿನ ಇಂಟರ್‌ವ್ಯೂ ಹೆಸರಾದದ್ದು ಅಲ್ಲಿ. ಮ್ಯಾನ್‌ಹೋಲ್ ಮುಚ್ಚಳ ಯಾಕೆ ಗುಂಡಗಿದೆ? ಅಮೆರಿಕದಲ್ಲಿ ಎಷ್ಟು ಪೆಟ್ರೋಲ್ ಬಂಕ್‌ಗಳಿವೆ? ಫ್ಯೂಜಿ ಪರ್ವತವನ್ನು ಬೇರೆ ಕಡೆ ಸಾಗಿಸುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಇದೆ. ಗುಂಡಗಿನ ಮುಚ್ಚಳವನ್ನು ಹೇಗೆ ತಿರುಗಿಸಿದರೂ ಗುಂಡಿಯೊಳಗೆ ಬೀಳುವುದಿಲ್ಲ, ಚೌಕವಾದರೆ ಕರ್ಣದ ಕಡೆಯಿಂದ ಬಿದ್ದುಹೋಗುತ್ತದೆ. ಉಳಿದೆರಡಕ್ಕೆ ಉತ್ತರ ಮುಖ್ಯವಲ್ಲವಂತೆ, ಯೋಚಿಸುವ ರೀತಿ ಮುಖ್ಯವಂತೆ. ಈ ಬಗ್ಗೆ ವಿಲಿಯಂ ಪೌಂಡ್‌ಸ್ಟೋನ್ 2003ರಲ್ಲಿ ಒಂದು ಪುಸ್ತಕವನ್ನೇ ಬರೆದ.

ನಮ್ಮ ಬೆಂಗಳೂರಿನಲ್ಲೂ ಇದರ ಗಾಳಿ ಬೀಸಿತ್ತು. 1990ರ ದಶಕದಲ್ಲಿ ಇನ್ಫೋಸಿಸ್‌ನ ಲಿಖಿತ ಪರೀಕ್ಷೆ ಎಂದರೆ ಒಗಟುಗಳು. ಅದಕ್ಕೆ ಹೊರಟ ಹುಡುಗರು ಶಕುಂತಲಾ ದೇವಿಯವರ ‘ಪಜಲ್ಸ್ ಟು ಪಜಲ್ ಯು’ ಪುಸ್ತಕ ಓದಿಕೊಂಡು ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಸರ್ಕಸ್ ಕಲಾವಿದನ ಮಗಳಾಗಿ ಹುಟ್ಟಿ, ಕ್ರಮವಾದ ಶಾಲೆಯ ಓದೇ ಇಲ್ಲದೆ ಬೆಳೆದ ಆ ಮಹಾತಾಯಿಯ ಪುಸ್ತಕ ಇಂಜಿನಿಯರುಗಳಿಗೆ ಗೈಡ್ ಆಯಿತು ನೋಡಿ!

2004ರಲ್ಲಿ ಗೂಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿಲಿಕಾನ್ ವ್ಯಾಲಿಯ ಹೆದ್ದಾರಿ ಬದಿಯಲ್ಲಿ ಕಂಪೆನಿಯ ಹೆಸರಿಲ್ಲದ ದೊಡ್ಡ ಬೋರ್ಡು. ‘ಇ’ ಎಂಬ ಗಣಿತದ ಸಂಖ್ಯೆ ಇದೆಯಲ್ಲ, 2.71828 ಎಂದು ಮುಗಿಯದೆ ಹೋಗುವುದು, ಅದರ ಅಂಕಿಗಳ ಸಾಲಿನಲ್ಲಿ ಮೊದಲು ಸಿಗುವ ಹತ್ತು ಅಂಕಿಯ ಅವಿಭಾಜ್ಯ ಸಂಖ್ಯೆ ಯಾವುದೋ ಅದರ ಮುಂದೆ ಡಾಟ್ ಕಾಂ, ಅಷ್ಟೇ ಬರೆದಿತ್ತು. ಉತ್ತರ 7427466391. ಆ ವಿಳಾಸಕ್ಕೆ ಹೋದರೆ ಇನ್ನೊಂದು ಒಗಟು, ಅದನ್ನೂ ಬಿಡಿಸಿದರೆ ಕೆಲಸಕ್ಕೆ ಅರ್ಜಿ ಹಾಕಿ ಎಂಬ ಆಹ್ವಾನ.

ಆದರೆ 2013ರಲ್ಲಿ ಅದೇ ಗೂಗಲ್‌ನ ನೇಮಕಾತಿಯ ಮುಖ್ಯಸ್ಥ ಲಾಜ್ಲೋ ಬಾಕ್ ಪತ್ರಿಕೆಯೊಂದರ ಮುಂದೆ ತಪ್ಪೊಪ್ಪಿಕೊಂಡ. ತಮ್ಮಲ್ಲಿನ ಲೆಕ್ಕ ತೆಗೆದು ನೋಡಿದಾಗ ಇಂಥ ಒಗಟುಗಳಿಂದ ಯಾವ ಪ್ರಯೋಜನವೂ ಕಾಣಲಿಲ್ಲ, ಕೇಳುವವನಿಗೆ ತಾನು ಜಾಣ ಎಂದು ಅನ್ನಿಸುವುದೊಂದೇ ಲಾಭ ಎಂದ. ಕಾಲೇಜಿನ ಅಂಕಗಳಿಂದಲೂ ಹೆಚ್ಚೇನೂ ತಿಳಿಯುವುದಿಲ್ಲ ಎಂದ. ನಾಲ್ಕು ಜನ ಇಂಟರ್‌ವ್ಯೂ ಮಾಡಿದರೆ ಸಾಕು, ಹತ್ತು ಜನ ಮಾಡಿದರೂ ಅದಕ್ಕಿಂತ ಹೆಚ್ಚು ತಿಳಿಯುವುದು ಅಷ್ಟಕ್ಕಷ್ಟೇ ಎನ್ನುವುದೂ ಅವರ ಅನುಭವ.

ಹಾಗಾದರೆ ಏನು ಕೇಳಬೇಕು? ಮಾಡುವ ಕೆಲಸವನ್ನೇ ಸ್ವಲ್ಪ ಮಾಡಿಸಿ ನೋಡಬೇಕು. ನೇಮಕಾತಿಯ ಬಗ್ಗೆ ನಡೆದ 85 ವರ್ಷಗಳ ಸಂಶೋಧನೆಗಳನ್ನು 1998ರಲ್ಲಿ ಇಬ್ಬರು ವಿದ್ವಾಂಸರು ಒಟ್ಟು ಸೇರಿಸಿ ನೋಡಿದಾಗ ಇಂಥ ಮಾದರಿ ಕೆಲಸವೇ ಮೇಲೆ ನಿಂತಿತ್ತು. 2022ರಲ್ಲಿ ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್‌ವ್ಯೂ ಮೇಲೆ ಬಂತು. ಬಾಯಿಗೆ ಬಂದದ್ದು ಕೇಳಿ ಮುಖ ನೋಡಿ ತೀರ್ಮಾನಿಸುವುದಕ್ಕೆ ಎರಡರಲ್ಲೂ ಮೊದಲ ಸ್ಥಾನ ಸಿಗಲಿಲ್ಲ.

ಈ ದಾರಿಯಲ್ಲೇ ಬಂದದ್ದು ಬಿಳಿ ಬೋರ್ಡಿನ ಮುಂದೆ ನಿಲ್ಲಿಸಿ ಪ್ರೋಗ್ರಾಂ ಬರೆಸುವ ಕ್ರಮ. ಈಗ ದೊಡ್ಡ ಕಂಪೆನಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗೆ. ಮೊದಲು ಕಂಪೆನಿಯ ಕಡೆಯವರ ಒಂದು ಫೋನ್. ಆಮೇಲೆ ಕಂಪ್ಯೂಟರ್‌ನಲ್ಲೇ ಒಂದು ಪರೀಕ್ಷೆ. ಅದು ಪಾಸಾದರೆ ಒಬ್ಬ ಇಂಜಿನಿಯರ್ ಮುಕ್ಕಾಲು ಗಂಟೆ ಮಾತಾಡಿಸುತ್ತಾ ಪ್ರೋಗ್ರಾಂ ಬರೆಸುತ್ತಾರೆ. ಅದಾದ ಮೇಲೆ ನಾಲ್ಕೈದು ಸುತ್ತು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎರಡು ಮೂರರಲ್ಲಿ ಪ್ರೋಗ್ರಾಂ. ಅನುಭವ ಇದ್ದವರಿಗೆ ಲಕ್ಷಾಂತರ ಜನ ಬಳಸುವ ಒಂದು ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಎಂಬ ಪ್ರಶ್ನೆ. ಇನ್ನೊಂದರಲ್ಲಿ ಜೊತೆಯವರೊಡನೆ ಜಗಳವಾದಾಗ ಏನು ಮಾಡಿದಿರಿ, ತಪ್ಪು ಮಾಡಿದಾಗ ಹೇಗೆ ಸರಿಪಡಿಸಿದಿರಿ, ಹೀಗೆ. ಗೂಗಲ್‌ನಲ್ಲಿ ಇಂಟರ್‌ವ್ಯೂ ಮಾಡಿದವರು ಬರೆದುಕೊಟ್ಟದ್ದನ್ನು ಓದಿ ತೀರ್ಮಾನಿಸಲು ಬೇರೆಯೇ ಸಮಿತಿ ಎಂಬ ಕ್ರಮ ಬೆಳೆಯಿತು. ಅಮೆಜಾನ್‌ನಲ್ಲಿ ಆ ವಿಭಾಗಕ್ಕೆ ಸಂಬಂಧವಿಲ್ಲದ ‘ಬಾರ್ ರೈಸರ್’ ಎಂಬ ಒಬ್ಬರು ಕೂತಿರುತ್ತಾರೆ, ಅವರು ಬೇಡ ಎಂದರೆ ಬೇಡ.

ಪ್ರಶ್ನೆ ಎಂಥದ್ದು? ಒಂದು ಸುಲಭದ ಉದಾಹರಣೆ. ಸಾವಿರ ಸಂಖ್ಯೆಗಳ ಪಟ್ಟಿ ಇದೆ. ಅದರಲ್ಲಿ ಕೂಡಿದರೆ ನೂರಾಗುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ಒಂದೊಂದನ್ನೂ ಉಳಿದ ಎಲ್ಲದರ ಜೊತೆ ಕೂಡಿಸಿ ನೋಡಬಹುದು, ಆಗ 4,99,500 ಜೋಡಿಗಳಾಗುತ್ತವೆ. ಇನ್ನೊಂದು ದಾರಿ, ನೋಡಿದ ಸಂಖ್ಯೆಗಳನ್ನು ಥಟ್ಟನೆ ಸಿಗುವ ಹಾಗೆ ಒಂದು ಕಡೆ ಬರೆದಿಡುತ್ತಾ ಹೋಗುವುದು. 37 ಬಂದಾಗ 63 ಈ ಮೊದಲೇ ಬಂದಿದೆಯೇ ಎಂದು ಆ ಪುಸ್ತಕದಲ್ಲಿ ನೋಡಿದರಾಯಿತು. ಪಟ್ಟಿಯ ಮೇಲೆ ಒಂದೇ ಸಲ ಕಣ್ಣಾಡಿಸಿದರೆ ಕೆಲಸ ಮುಗಿಯಿತು. ನಮ್ಮ ಹಾಜರಿ ಪುಸ್ತಕದ ಉಪಯೋಗವೂ ಇದೇ ಅಲ್ಲವೇ?

ಇಲ್ಲಿ ಉತ್ತರ ಒಂದೇ ಸಾಲದು. ಮೊದಲು ಪ್ರಶ್ನೆಯನ್ನೇ ಪ್ರಶ್ನಿಸಬೇಕು, ಒಂದೇ ಸಂಖ್ಯೆ ಎರಡು ಸಲ ಬರಬಹುದೇ, ಜೋಡಿ ಸಿಗದಿದ್ದರೆ ಏನು ಹೇಳಬೇಕು ಎಂದು. ಆಮೇಲೆ ದಡ್ಡ ದಾರಿಯನ್ನು ಹೇಳಿ, ಅದು ಯಾಕೆ ನಿಧಾನ ಎಂದು ಹೇಳಿ, ಒಳ್ಳೆಯ ದಾರಿಗೆ ಬರಬೇಕು. ಬರೆದಾದ ಮೇಲೆ ನಾವೇ ತಪ್ಪು ಹುಡುಕಬೇಕು. ಇಷ್ಟೂ ಬಾಯಿಬಿಟ್ಟು, ಇಂಗ್ಲಿಷಿನಲ್ಲಿ. ನಮ್ಮ ಹುಡುಗಿ ಎಡವಿದ್ದು ಇಲ್ಲೇ. ಅಥವಾ ಇಲ್ಲೇ ಎಂದು ಅವಳ ಊಹೆ, ಏಕೆಂದರೆ ಕಾರಣವನ್ನು ಅವರು ತಿಳಿಸಲಿಲ್ಲ. ಪಿ.ಎಸ್.ಸಿ.ಯಲ್ಲಾದರೆ ಅಂಕ, ರ್‍ಯಾಂಕ್ ಪಟ್ಟಿ ಎಲ್ಲ ಇದೆ, ಎಷ್ಟರಲ್ಲಿ ತಪ್ಪಿತು ಎಂದಾದರೂ ತಿಳಿಯುತ್ತದೆ. ಅವಳಿಗೆ ಬಂದದ್ದು ನಾಲ್ಕು ಸಾಲಿನ ಇಮೇಲ್.

ಈ ಕ್ರಮವೂ ದೋಷವಿಲ್ಲದ್ದಲ್ಲ. ‘ಹೋಮ್‌ಬ್ರೂ’ ಎಂಬ ಸಾಫ್ಟ್‌ವೇರನ್ನು ಬರೆದ ಮ್ಯಾಕ್ಸ್ ಹೋವೆಲ್‌ನನ್ನು ಗೂಗಲ್ ತಿರಸ್ಕರಿಸಿತು ಎಂದು 2015ರಲ್ಲಿ ಅವನೇ ಹೇಳಿಕೊಂಡ. ಬೈನರಿ ಟ್ರೀ ಎಂಬುದನ್ನು ಬೋರ್ಡಿನ ಮೇಲೆ ತಿರುವಿ ಬರೆಯಲು ಅವನಿಗೆ ಬರಲಿಲ್ಲವಂತೆ. ಆದರೆ ಗೂಗಲ್‌ನ ಇಂಜಿನಿಯರುಗಳಲ್ಲಿ ಹೆಚ್ಚಿನವರು ಬಳಸುತ್ತಿದ್ದದ್ದು ಅವನ ಸಾಫ್ಟ್‌ವೇರನ್ನೇ ಎಂದು ಅವನ ದೂರು. 2020ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅರ್ಧ ಮಂದಿ ಒಬ್ಬರೇ ಕೋಣೆಯಲ್ಲಿ ಕೂತು, ಇನ್ನರ್ಧ ಒಬ್ಬರು ನೋಡುತ್ತಿರುವಾಗ ಬಾಯಿಬಿಟ್ಟು ಹೇಳುತ್ತಾ, ಒಂದೇ ಸಮಸ್ಯೆ ಬಿಡಿಸಬೇಕು. ಎದುರಿಗೆ ಜನ ಇದ್ದವರ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಒಂಟಿಯಾಗಿ ಕೂತ ಹುಡುಗಿಯರೆಲ್ಲ ಪಾಸು, ಎದುರಲ್ಲಿ ನಿಂತ ಹುಡುಗಿಯರೆಲ್ಲ ಫೇಲ್. ಸಂಖ್ಯೆ ಸಣ್ಣದು, ನಿಜ. ಆದರೂ ಇದನ್ನು ಅವಳಿಗೆ ಫೋನಿನಲ್ಲಿ ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾನು ಒಬ್ಬಳೇ ಅಲ್ಲ ಸರ್” ಎಂದಳು.

ಈ ನೂರು ವರ್ಷದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಇದೆ. ಪ್ರತಿ ಸಲವೂ ‘ಓದಿ ಬರಲಾಗದ ಪ್ರಶ್ನೆ’ ಎಂದು ಹೊಸ ಪರೀಕ್ಷೆ ತರುತ್ತಾರೆ. ಸ್ವಲ್ಪ ದಿನಕ್ಕೆ ಅದು ಹೊರಬೀಳುತ್ತದೆ, ಅದಕ್ಕೆ ಪುಸ್ತಕ ಬರುತ್ತದೆ, ಟ್ಯೂಷನ್ ಬರುತ್ತದೆ. ಎಡಿಸನ್‌ನ ಪ್ರಶ್ನೆ ಪತ್ರಿಕೆಗೆ ಬಂತು. ಒಗಟುಗಳಿಗೆ ಶಕುಂತಲಾ ದೇವಿಯವರ ಪುಸ್ತಕ ಒದಗಿತು. ಈಗಿನದಕ್ಕೆ ಗೇಲ್ ಲಾಕ್‌ಮನ್ ಮೆಕ್‌ಡವೆಲ್ 2008ರಲ್ಲಿ ತಂದ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’ ಇದೆ, 2015ರ ಆವೃತ್ತಿಯಲ್ಲಿ 189 ಪ್ರಶ್ನೆಗಳು. ‘ಲೀಟ್‌ಕೋಡ್’ ತಾಣದಲ್ಲಿ ಸಾವಿರಾರು. ಅಂದರೆ ಇದಕ್ಕೂ ಒಂದು ಸಿಲೆಬಸ್ ಇದೆ. ಅದು ಇದೆ ಎಂದು ಕೆಲವರಿಗೆ ಕಾಲೇಜಿನ ಮೊದಲ ವರ್ಷವೇ ಅಣ್ಣನೋ ಅಕ್ಕನೋ ಹೇಳುತ್ತಾರೆ. ನಮ್ಮ ಮಕ್ಕಳಿಗೆ ಇಂಟರ್‌ವ್ಯೂ ಮುಗಿದು ಹೊರಗೆ ಬಂದ ಮೇಲೆ ತಿಳಿಯುತ್ತದೆ. ಇಷ್ಟನ್ನು ಬುದ್ಧಿಯ ವ್ಯತ್ಯಾಸ ಎಂದು ತಿಳಿದು ಮಕ್ಕಳು ಕುಗ್ಗಿಹೋಗುತ್ತಾರಲ್ಲ, ಅದು ನನಗೆ ಬೇಸರ.

ಈಗ ಮತ್ತೊಂದು ತಿರುವು ಬಂದಿದೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ಇಂಟರ್‌ವ್ಯೂಗಳೆಲ್ಲ ಮನೆಯಲ್ಲೇ ಕೂತು ವೀಡಿಯೋದಲ್ಲಿ ನಡೆಯತೊಡಗಿದವು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಇಂಥ ಪ್ರಶ್ನೆಗಳಿಗೆ ಯಂತ್ರವೇ ಕ್ಷಣದಲ್ಲಿ ಉತ್ತರ ಬರೆಯುವಾಗ, ಪರದೆಯ ಆ ಕಡೆ ಕೂತವರು ತಾವೇ ಯೋಚಿಸಿದರೋ ಕದ್ದು ನೋಡಿದರೋ ತಿಳಿಯುವುದು ಹೇಗೆ? ಕನಿಷ್ಠ ಒಂದು ಸುತ್ತನ್ನಾದರೂ ಎದುರೆದುರೇ ಕೂತು ನಡೆಸುತ್ತೇವೆ ಎಂದು 2025ರಲ್ಲಿ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ ಹೇಳಿದರು. ಬೋರ್ಡಿನ ಮುಂದೆ ನಿಂತು, ಇದನ್ನು ಯಾಕೆ ಹೀಗೆ ಮಾಡಿದೆ ಎಂದು ಬಾಯಿಬಿಟ್ಟು ಹೇಳುವವರಿಗೆ ಬೆಲೆ ಇನ್ನೂ ಏರಬಹುದು.

ಬೋರ್ಡು ನಮ್ಮ ಶಾಲೆಯಲ್ಲೂ ಇದೆಯಲ್ಲ! ಬಿಳಿಯದಲ್ಲ, ಕರಿಯದು. ಓಣಂ ರಜೆ ಮುಗಿದ ಮೇಲೆ ವಾರಕ್ಕೆ ಎರಡು ಪೀರಿಯಡ್ ಬೇರೆ ರೀತಿ ಮಾಡುತ್ತಿದ್ದೇನೆ. ಒಬ್ಬರು ಬೋರ್ಡಿನ ಹತ್ತಿರ ಬಂದು ಲೆಕ್ಕ ಮಾಡಬೇಕು, ಮಾಡುತ್ತಾ ಏನು ಮಾಡುತ್ತಿದ್ದೇನೆ ಎಂದು ಕನ್ನಡದಲ್ಲೇ ಹೇಳಬೇಕು. ಕೂತವರು ‘ಯಾಕೆ?’ ಎಂದು ಕೇಳಬಹುದು. ತಪ್ಪಾದರೆ ನಗಬಾರದು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಈಗ ಗಲಾಟೆ ಜಾಸ್ತಿ ಎಂದು ಪಕ್ಕದ ತರಗತಿಯ ಟೀಚರ್ ದೂರು ಕೊಟ್ಟಿದ್ದಾರೆ. ಯೋಚಿಸಿದ್ದನ್ನು ಹೇಳುವ ಅಭ್ಯಾಸ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದು ಭಾಷೆಗೆ ದಾಟಿಸಬಹುದು. ಯಾವ ಭಾಷೆಯಲ್ಲೂ ಬಾರದಿದ್ದರೆ ದಾಟಿಸುವುದು ಏನನ್ನು?

ಅವಳು ಮತ್ತೆ ಅರ್ಜಿ ಹಾಕಿದ್ದಾಳೆ. ಭಾನುವಾರ ಸಂಜೆ ನನಗೆ ಫೋನ್ ಮಾಡಿ ಒಂದೊಂದು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಾಳೆ. ನನಗೆ ಪ್ರೋಗ್ರಾಂ ಬರುವುದಿಲ್ಲ. ಕೇಳುವುದು ಮತ್ತು ಮಧ್ಯೆ ‘ಯಾಕೆ?’ ಎನ್ನುವುದು, ಅಷ್ಟೇ ನನ್ನ ಕೆಲಸ. ಮೊನ್ನೆಯೂ ಹಾಗೆಯೇ ತಡೆದು ಕೇಳಿದೆ. ‘ಒಂದು ನಿಮಿಷ ಸರ್’ ಎನ್ನುತ್ತಾಳೇನೋ ಎಂದು ಕಾದೆ.

“ಹೇಳ್ತೇನೆ ಸರ್, ಕೇಳಿ” ಎಂದಳು.